ಬೆನ್ನುಮೂಳೆಯಲ್ಲಿ ಗೌಟ್ ಇದೆಯಾ? ರಕ್ತ, ಎಂಆರ್‌ಐ, ಸಿಟಿ, ಸೂಜಿ: ಯಾವಾಗ ಯಾವುದು

ನಮ್ಮ ಭಾವನಿಗೆ ಸೊಂಟ ನೋವು ಶುರುವಾದದ್ದು ಜೂನ್ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲಿ ಬೋಟುಗಳೆಲ್ಲ ದಡ ಸೇರಿದ್ದವು. ವರ್ಷವಿಡೀ ಬಲೆ ಎಳೆದ ಬೆನ್ನು, ನೋಯದೆ ಇರುತ್ತದೆಯೇ ಅಂದುಕೊಂಡೆವು. ಎರಡನೇ ವಾರದಲ್ಲಿ ಸಂಜೆ ಹೊತ್ತಿಗೆ ಜ್ವರ ಬರತೊಡಗಿತು. ನೋವು ಎಡಗಾಲಿಗೆ ಇಳಿಯಿತು. ಎಂಆರ್‌ಐ ಮಾಡಿಸಿದೆವು. ಸೋಂಕಿನ ಸಂಶಯ, ಟಿಬಿ ಇರಬಹುದು ಅಂತ ರಿಪೋರ್ಟ್ ಬಂತು. ಬೆನ್ನಿಗೆ ಸೂಜಿ ಹಾಕಿ ತುಣುಕು ತೆಗೆದರು. ಆ ತುಣುಕು ಪೂರ್ತಿಯಾಗಿ ಒಂದೇ ಬಾಟಲಿಗೆ, ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹೋಯಿತು. ಆ ಒಂದು ಬಾಟಲಿಯಿಂದ ನಮಗೆ ಐದು ವಾರ ಹೋಯಿತು.

ಅದು ಟಿಬಿ ಆಗಿರಲಿಲ್ಲ. ಗೌಟ್ ಆಗಿತ್ತು. ಯೂರಿಕ್ ಆಸಿಡ್ ಹರಳಾಗಿ ಕೂತು ಕಾಲಿನ ಹೆಬ್ಬೆರಳನ್ನು ಊದಿಸುವ ಅದೇ ಗೌಟ್, ಬೆನ್ನುಮೂಳೆಯಲ್ಲಿ.

ಆ ದಿನಗಳಲ್ಲಿ ನಾನು ಡಾಕ್ಟರನ್ನು ಕೇಳಿ, ಓದಿ, ಮತ್ತೆ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಆದರೆ ಯಾವ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಿದ್ದರೆ ಸರಿಯಾದ ಹೊತ್ತಿಗೆ ಸರಿಯಾದ ಮಾತು ಕೇಳಬಹುದು.

ಮೊದಲೇ ಹೇಳಿಬಿಡುತ್ತೇನೆ. ಸೊಂಟ ನೋವು ಬಂದವರಿಗೆಲ್ಲ ಈ ಪರೀಕ್ಷೆಗಳು ಬೇಡ. ಹೆಚ್ಚಿನ ಸೊಂಟ ನೋವು ಸ್ನಾಯುವಿನದ್ದು ಇಲ್ಲವೇ ಡಿಸ್ಕಿನದ್ದು, ಕೆಲವು ವಾರಗಳಲ್ಲಿ ಇಳಿಯುತ್ತದೆ. ಗೌಟಿನ ಸಂಶಯ ಬರಬೇಕಾದದ್ದು ಯಾರಿಗೆ? ಮೊದಲೇ ಗೌಟ್ ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ, ಬಿಪಿಗೆ ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಅದರ ಜೊತೆಗೆ ಬೆನ್ನು ನೋವು ಜೋರಾಗಿ ಬಂದು ಜ್ವರವೋ ಕಾಲು ಸೆಳೆತವೋ ಸೇರಿಕೊಂಡರೆ. ಭಾವನಿಗೆ 54 ವರ್ಷ, ಬಿಪಿಗೆ ಅಂಥದ್ದೇ ಮಾತ್ರೆ ಇತ್ತು. ಇದನ್ನು ಯಾರೂ ಬೆನ್ನು ನೋವಿಗೆ ಜೋಡಿಸಿ ನೋಡಿರಲಿಲ್ಲ.

ಇನ್ನೊಂದು ವಿಷಯಕ್ಕೆ ಕಾಯಲೇಬೇಡಿ. ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ, ಕಾಲುಗಳಲ್ಲಿ ಬಲ ಕಡಿಮೆಯಾಗುತ್ತಾ ಹೋದರೆ ಅದು ನರ ಒತ್ತಿಕೊಂಡ ಲಕ್ಷಣ. ಆಗ ಯಾವ ಪರೀಕ್ಷೆ ಒಳ್ಳೆಯದು ಎಂಬ ಪ್ರಶ್ನೆಯೇ ಇಲ್ಲ. ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ, ಅದೇ ದಿನ ಎಂಆರ್‌ಐ ಆಗಬೇಕು.

ಬೆನ್ನಿಗಿಂತ ಮೊದಲು ಕಾಲು ನೋಡಿ

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು. ದುಡ್ಡೇ ಬೇಡ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದೂ ಇದೇ.

ಬೆನ್ನಿನಲ್ಲಿ ಗೌಟ್ ಇರುವವರಲ್ಲಿ ತುಂಬಾ ಜನರಿಗೆ ಬೇರೆ ಕಡೆಯೂ ಗುರುತು ಇರುತ್ತದೆ. ಹಿಂದೆ ಯಾವಾಗಲೋ ರಾತ್ರೋರಾತ್ರಿ ಹೆಬ್ಬೆರಳು ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವಾಗಿತ್ತೇ? ಒಂದೆರಡು ವಾರದಲ್ಲಿ ತಾನಾಗಿಯೇ ಇಳಿದಿತ್ತೇ? ಮೊಣಕೈ ಹಿಂಭಾಗ, ಕಿವಿಯ ಅಂಚು, ಬೆರಳಿನ ಗಿಣ್ಣು, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು, ಇಲ್ಲೆಲ್ಲ ಗಟ್ಟಿ ಗಂಟು ಇದೆಯೇ? ಆ ಗಂಟುಗಳಲ್ಲಿ ಯೂರಿಕ್ ಆಸಿಡ್‌ನ ಹರಳು ಸುಣ್ಣದ ಹಿಟ್ಟಿನ ಹಾಗೆ ಕೂಡಿಕೊಂಡಿರುತ್ತದೆ. ಡಾಕ್ಟರುಗಳು ಇದನ್ನು ಟೋಫಸ್ ಅನ್ನುತ್ತಾರೆ.

ಭಾವನ ಮೊಣಕೈಯಲ್ಲಿ ಗೋಲಿಯಷ್ಟು ಗಂಟು ವರ್ಷಗಳಿಂದ ಇತ್ತು. ಹೆಬ್ಬೆರಳು ಊದಿದ್ದೂ ಮೂರು ಸಲ ಆಗಿತ್ತು. ಬೋಟಿನಲ್ಲಿ ಕಾಲು ಉಳುಕಿದ್ದು ಅಂತ ಎಣ್ಣೆ ಹಚ್ಚಿ ಮಲಗಿದ್ದರು. ಬೆನ್ನು ತೋರಿಸಲು ಹೋದವರು ಮೊಣಕೈ ಯಾಕೆ ತೋರಿಸುತ್ತಾರೆ, ಅಲ್ವಾ? ಎರಡನೇ ಆಸ್ಪತ್ರೆಯ ರುಮಟಾಲಜಿ (ಕೀಲುರೋಗ) ಡಾಕ್ಟರು ಮೊದಲು ಚಪ್ಪಲಿ ಬಿಚ್ಚಿಸಿದರು, ಆಮೇಲೆ ಅಂಗಿಯ ತೋಳು ಮೇಲೆತ್ತಿಸಿದರು. ಅಲ್ಲಿಂದಲೇ ದಾರಿ ತಿರುಗಿದ್ದು.

ಅಂಥ ಗಂಟೋ ಊದಿದ ಕೀಲೋ ಇದ್ದರೆ ಅಲ್ಲಿಗೇ ಸಣ್ಣ ಸೂಜಿ ಹಾಕಿ ಒಂದೆರಡು ಹನಿ ತೆಗೆದು ಪೋಲರೈಸ್ಡ್ ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಗೌಟಿನ ಹರಳು ಸೂಜಿಯ ಆಕಾರದ್ದು, ಆ ಬೆಳಕಿನಲ್ಲಿ ಹೊಳೆಯುತ್ತದೆ. 1961ರಿಂದ ಗೌಟ್ ಖಚಿತ ಮಾಡುವ ದಾರಿ ಇದೇ. ಭಾವನ ಮೊಣಕೈಯಿಂದ ತೆಗೆದ ಹನಿಯಲ್ಲಿ ಅದೇ ದಿನ ಹರಳು ಕಂಡಿತು. ಬೆನ್ನಿನ ಆಳಕ್ಕೆ ಸೂಜಿ ಹಾಕುವ ಮೊದಲು ಇದು ಆಗಬೇಕಿತ್ತು. ಬೇರೆ ಕಡೆ ಹರಳು ಸಿಕ್ಕಿದ ಮಾತ್ರಕ್ಕೆ ಬೆನ್ನಿನದ್ದೂ ಗೌಟೇ ಎಂದು ಆಗುವುದಿಲ್ಲ ನಿಜ. ಆದರೆ ಯೋಚನೆಯ ದಿಕ್ಕು ಬದಲಾಗುತ್ತದೆ.

ರಕ್ತದಲ್ಲಿ ಯೂರಿಕ್ ಆಸಿಡ್

ಕೆಲವು ನೂರು ರೂಪಾಯಿಯಲ್ಲಿ ಯಾವ ಲ್ಯಾಬಿನಲ್ಲೂ ಆಗುತ್ತದೆ. ಮಾಡಿಸಿ. ಆದರೆ ಅದರ ಮೇಲೆ ತೀರ್ಪು ಕೊಡಬೇಡಿ.

ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಯೂರಿಕ್ ಆಸಿಡ್ ಕರಗಿ ಉಳಿಯುವುದು ಕಷ್ಟ, ಹರಳಾಗಲು ಶುರುವಾಗುತ್ತದೆ. ಹಾಗಂತ 8 ಇದ್ದವರಿಗೆಲ್ಲ ಗೌಟ್ ಬರುವುದಿಲ್ಲ. ಹೆಚ್ಚಿನವರಿಗೆ ಬರುವುದೇ ಇಲ್ಲ. ಇದರ ಉಲ್ಟಾ ಇನ್ನೂ ಮೋಸದ್ದು. ಗೌಟ್ ಜೋರಾಗಿ ಎದ್ದಿರುವ ದಿನಗಳಲ್ಲೇ ಈ ಅಂಕಿ ಇಳಿದು ನಾರ್ಮಲ್ ಎಂದು ಬರಬಹುದು. ಭಾವನದ್ದು ಆಗ 6.1 ಇತ್ತು. "ಯೂರಿಕ್ ಆಸಿಡ್ ಸರಿ ಇದೆ" ಎಂದು ಫೈಲಿನಲ್ಲಿ ಬರೆದು ಮುಂದೆ ಹೋದರು. ನೋವು ಇಳಿದು ಎರಡು ವಾರ ಕಳೆದ ಮೇಲೆ ಮತ್ತೆ ಮಾಡಿಸಿದಾಗ 9ರ ಮೇಲಿತ್ತು. ನಾರ್ಮಲ್ ಬಂದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ.

ಟಿಬಿ ಮಾತ್ರೆಯಲ್ಲಿರುವ ಪೈರಜಿನಮೈಡ್ ಯೂರಿಕ್ ಆಸಿಡನ್ನು ಏರಿಸುತ್ತದೆ. ಸಂಶಯದ ಮೇಲೆ ಟಿಬಿ ಚಿಕಿತ್ಸೆ ಶುರುವಾದ ಮೇಲೆ ರಕ್ತ ಪರೀಕ್ಷೆ ಮಾಡಿದರೆ ಆ ಅಂಕಿಯಿಂದ ಏನೂ ಹೇಳಲಾಗದು. ಅದಕ್ಕೇ ಮಾತ್ರೆ ಶುರು ಮಾಡುವ ಮೊದಲಿನ ಅಂಕಿ ಫೈಲಿನಲ್ಲಿ ಇರಬೇಕು.

ಮೈಯಲ್ಲಿ ಉರಿಯೂತ ಇದೆಯೇ ಎಂದು ನೋಡುವ ರಕ್ತ ಪರೀಕ್ಷೆಗಳಾದ ಸಿಆರ್‌ಪಿ, ಇಎಸ್‌ಆರ್ ಗೌಟಿನಲ್ಲೂ ಏರುತ್ತದೆ, ಸೋಂಕಿನಲ್ಲೂ ಏರುತ್ತದೆ. ಎರಡನ್ನು ಬೇರೆ ಮಾಡಲು ಅದರಿಂದ ಪ್ರಯೋಜನವಿಲ್ಲ.

ಎಕ್ಸ್‌ರೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೌಟಿನ ಗುರುತು ಎಕ್ಸ್‌ರೇಯಲ್ಲಿ ಕಾಣಲು ವರ್ಷಗಳು ಬೇಕು. ಬೆನ್ನಿನಲ್ಲಂತೂ ವಯಸ್ಸಿನ ಸವೆತವೇ ಎದ್ದು ಕಾಣುತ್ತದೆ. ಕೀಲಿಗೆ ಒಳ್ಳೆಯ ಸಾಧನವಾದ ಅಲ್ಟ್ರಾಸೌಂಡ್ ಕೂಡ ಬೆನ್ನುಮೂಳೆಯ ಆಳಕ್ಕೆ ಮುಟ್ಟುವುದಿಲ್ಲ. ಮೊಣಕಾಲು, ಪಾದ ನೋಡಲು ಅದನ್ನು ಬಳಸಬಹುದು.

ಎಂಆರ್‌ಐಯೋ, ಡ್ಯುಯಲ್ ಎನರ್ಜಿ ಸಿಟಿಯೋ

ಜನ ನಿಜವಾಗಿ ಗೊಂದಲಕ್ಕೆ ಬೀಳುವುದು ಇಲ್ಲಿ. ಎಂಆರ್‌ಐ ದೊಡ್ಡ ಪರೀಕ್ಷೆ, ಅದರಲ್ಲಿ ಎಲ್ಲಾ ಗೊತ್ತಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಾನೂ ಹಾಗೇ ನಂಬಿದ್ದೆ.

ಎಂಆರ್‌ಐ ಎಲ್ಲಿ ಏನಾಗಿದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ನರ ಎಷ್ಟು ಒತ್ತಿದೆ, ಬೆನ್ನುಹುರಿಗೆ ಜಾಗ ಇದೆಯೇ, ಕೀವು ಕಟ್ಟಿದೆಯೇ, ಡಿಸ್ಕ್ ಹೇಗಿದೆ, ಇದರಲ್ಲಿ ಅದಕ್ಕೆ ಸಮ ಇಲ್ಲ. ಆದರೆ ಆ ಗಡ್ಡೆ ಯಾವ ವಸ್ತುವಿನದ್ದು ಎಂದು ಅದು ಹೇಳಲಾರದು. ಗೌಟಿನ ಗಂಟು ಎಂಆರ್‌ಐಯಲ್ಲಿ ಒಬ್ಬೊಬ್ಬರಲ್ಲಿ ಒಂದೊಂದು ಥರ ಕಾಣುತ್ತದೆ. ಚಿತ್ರ ಸ್ಪಷ್ಟವಾಗಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕಿದರೆ ಸುತ್ತ ಬೆಳಗುತ್ತದೆ, ಸೋಂಕೂ ಹಾಗೇ ಬೆಳಗುತ್ತದೆ. ಅದಕ್ಕೇ ಬೆನ್ನಿನ ಗೌಟ್ ಎಂಆರ್‌ಐ ರಿಪೋರ್ಟಿನಲ್ಲಿ ಸೋಂಕು, ಟಿಬಿ, ಇಲ್ಲವೇ ಕ್ಯಾನ್ಸರಿನ ಗಡ್ಡೆ ಎಂಬ ಹೆಸರಿನಲ್ಲಿ ಬರುವುದುಂಟು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿ ಅಪರೂಪವಲ್ಲ. ಆದ್ದರಿಂದ ರಿಪೋರ್ಟ್ ಬರೆಯುವವರು ಅದನ್ನು ಮೊದಲು ಯೋಚಿಸುವುದು ತಪ್ಪಲ್ಲ. ತಪ್ಪಾಗುವುದು, "ಇರಬಹುದು" ಎಂಬ ಮಾತು ಮನೆಗೆ ಬರುವಷ್ಟರಲ್ಲಿ "ಇದೆ" ಎಂದು ಆದಾಗ.

ಇನ್ನೊಂದು ಎಚ್ಚರಿಕೆ. ಗೌಟ್ ಇರುವವರಲ್ಲಿ ಕಿಡ್ನಿ ದುರ್ಬಲವಾಗಿರುವುದು ಜಾಸ್ತಿ. ಎಂಆರ್‌ಐ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಿದ್ದಾರೆಯೇ ಎಂದು ಕೇಳಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಸಾಮಾನ್ಯ ಸಿಟಿ ಮೂಳೆಯ ವಿಷಯದಲ್ಲಿ ಎಂಆರ್‌ಐಗಿಂತ ಸ್ಪಷ್ಟ. ಬೆನ್ನುಮೂಳೆಯ ಹಿಂಭಾಗದಲ್ಲಿ ಎರಡು ಮಣಿಗಳು ಸೇರುವ ಸಣ್ಣ ಕೀಲುಗಳಿವೆ, ಫ್ಯಾಸೆಟ್ ಕೀಲು ಅನ್ನುತ್ತಾರೆ. ಗೌಟ್ ಹೆಚ್ಚಾಗಿ ಸೊಂಟದ ಭಾಗದ ಈ ಕೀಲುಗಳಲ್ಲಿ ಕೂರುತ್ತದೆ, ಮೂಳೆಯನ್ನು ಕೊರೆಯುತ್ತದೆ. ಕೊರೆದ ಅಂಚು ಗಟ್ಟಿಯಾಗಿ ಗೆರೆ ಎಳೆದ ಹಾಗೆ ಕಾಣುತ್ತದೆ. ಟಿಬಿಯಲ್ಲಿ ಸಾಮಾನ್ಯವಾಗಿ ಮಣಿಯ ಮುಂಭಾಗ, ಡಿಸ್ಕಿನ ಅಕ್ಕಪಕ್ಕ ಹಾಳಾಗುತ್ತದೆ. ಇದು ಸುಳಿವು ಅಷ್ಟೆ. ಗೌಟ್ ಡಿಸ್ಕಿನಲ್ಲೂ ಬರಬಹುದು.

ಡ್ಯುಯಲ್ ಎನರ್ಜಿ ಸಿಟಿ ಎಂದರೆ ಅದೇ ಜಾಗವನ್ನು ಎರಡು ಬೇರೆ ಶಕ್ತಿಯ ಎಕ್ಸ್‌ರೇ ಕಿರಣದಲ್ಲಿ ನೋಡುವುದು. ಕ್ಯಾಲ್ಸಿಯಂ ಮತ್ತು ಯೂರಿಕ್ ಆಸಿಡ್ ಹರಳು ಈ ಎರಡು ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಕಂಪ್ಯೂಟರ್ ಆ ವ್ಯತ್ಯಾಸ ಲೆಕ್ಕ ಹಾಕಿ ಯೂರಿಕ್ ಆಸಿಡಿಗೆ ಬೇರೆ ಬಣ್ಣ ಕೊಡುತ್ತದೆ, ಸಾಮಾನ್ಯವಾಗಿ ಹಸಿರು. ಕಾಂಟ್ರಾಸ್ಟ್ ಬೇಡ. ಸ್ಕ್ಯಾನ್ ಕೆಲವೇ ನಿಮಿಷ. ನೋವಿನಲ್ಲಿ ಮಲಗಲಾಗದವರಿಗೆ ಅರ್ಧ ಗಂಟೆಗೂ ಮೀರುವ ಎಂಆರ್‌ಐಗಿಂತ ಇದು ಎಷ್ಟೋ ಸುಲಭ. ಗೌಟ್ ವರ್ಗೀಕರಣಕ್ಕೆ 2015ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದಲ್ಲೂ ಇದಕ್ಕೆ ಅಂಕ ಇದೆ.

ಭಾವನ ಸ್ಕ್ಯಾನಿನಲ್ಲಿ ಸೊಂಟದ 4 ಮತ್ತು 5ನೇ ಮಣಿಯ ನಡುವಿನ ಎಡಗಡೆ ಕೀಲು ಹಸಿರಾಗಿ ಕಂಡಿತು. ಕಂಪ್ಯೂಟರಿನಲ್ಲಿ ಅದನ್ನು ನೋಡಿದಾಗ ಅಕ್ಕ ಅತ್ತಳು. ಎರಡು ತಿಂಗಳ ನಂತರ ಮೊದಲ ಸಲ ಕಾಯಿಲೆಗೆ ಒಂದು ಜಾಗ, ಒಂದು ಬಣ್ಣ ಸಿಕ್ಕಿತ್ತು.

ಆದರೂ ಈ ಹಸಿರಿಗೆ ಕಣ್ಣು ಮುಚ್ಚಿ ಶರಣಾಗಬೇಡಿ. ಡಿಸ್ಕಿನಲ್ಲಿ, ಪಕ್ಕೆಲುಬಿನ ಮೃದ್ವಸ್ಥಿಯಲ್ಲಿ ಸುಮ್ನೆ ಹಸಿರು ಬರುವುದುಂಟು. ಬೆನ್ನಿನಲ್ಲಿ ಹಳೆಯ ಆಪರೇಶನ್ನಿನ ಸ್ಕ್ರೂ ಇದ್ದರೆ, ರೋಗಿ ಅಲುಗಾಡಿದರೆ ಅಲ್ಲೂ ತಪ್ಪು ಬಣ್ಣ ಬರುತ್ತದೆ. ಹಸಿರು ಇರುವ ಜಾಗದಲ್ಲೇ ಮೂಳೆ ಕೊರೆದ ಗುರುತೂ ಇದ್ದರೆ ನಂಬಿಕೆ ಜಾಸ್ತಿ. ಹಾಗೆಯೇ ಹಸಿರು ಕಾಣಲಿಲ್ಲ ಎಂದರೆ ಗೌಟ್ ಇಲ್ಲ ಎಂದೂ ಅಲ್ಲ. ಕಾಯಿಲೆ ಹೊಸದಾದರೆ, ಹರಳು ಸ್ವಲ್ಪವೇ ಇದ್ದರೆ ಈ ಯಂತ್ರಕ್ಕೆ ಸಿಗುವುದಿಲ್ಲ. ವರ್ಷಗಳಿಂದ ಗಂಟು ಇರುವವರಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮೊದಲ ಸಲದ ನೋವಿಗೆ ಅಷ್ಟಾಗಿ ಅಲ್ಲ.

ಹಾಗಾದರೆ ಎರಡರಲ್ಲಿ ಯಾವುದು? ಕಾಲು ಮರಗಟ್ಟಿದೆ, ಬಲ ಕುಂದಿದೆ, ಜ್ವರ ಇದೆ ಎಂದರೆ ಎಂಆರ್‌ಐ ಮೊದಲು. ಯಾಕೆಂದರೆ ಮೊದಲು ಗೊತ್ತಾಗಬೇಕಾದದ್ದು ಅಪಾಯ ಎಷ್ಟು ಎಂಬುದು. ಅದರಲ್ಲಿ ಏನೋ ಕಂಡು ಅದು ಏನೆಂದು ಗೊತ್ತಾಗದಿದ್ದರೆ, ಮೈಮೇಲೆ ಗೌಟಿನ ಬೇರೆ ಗುರುತುಗಳೂ ಇದ್ದರೆ ಡ್ಯುಯಲ್ ಎನರ್ಜಿ ಸಿಟಿ. ನರದ ತೊಂದರೆ ಇಲ್ಲ, ಜ್ವರ ಇಲ್ಲ, ಹಳೆಯ ಗೌಟ್ ರೋಗಿ, ಸೊಂಟ ಮಾತ್ರ ನೋವು ಎಂದರೆ ನೇರವಾಗಿ ಡ್ಯುಯಲ್ ಎನರ್ಜಿ ಸಿಟಿಯ ಬಗ್ಗೆ ಡಾಕ್ಟರನ್ನು ಕೇಳಬಹುದು. ಒಂದು ಇನ್ನೊಂದರ ಬದಲಿ ಅಲ್ಲ.

ಸೂಜಿ ಹಾಕುವ ಮೊದಲು ಬಾಟಲಿ ಕೇಳಿ

ಬೆನ್ನಿಗೆ ಸೂಜಿ ಹಾಕುವುದು ಕೇಳಲು ಭಯ. ಸಿಟಿಯಲ್ಲೋ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲೋ ನೋಡುತ್ತಾ, ಜಾಗ ಮರಗಟ್ಟಿಸಿ, ತೆಳು ಸೂಜಿಯಿಂದ ತುಣುಕು ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು, ತಾನಾಗಿ ನಿಲ್ಲಿಸಬಾರದು. ಸೋಂಕೋ ಗೌಟೋ ಎಂಬ ಜಗಳ ತೀರಿಸುವುದು ಹೆಚ್ಚಿನ ಸಲ ಈ ಸೂಜಿಯೇ. ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಅದು ರೋಗಾಣುವನ್ನು ತೋರಿಸುವುದಿಲ್ಲ.

ಈಗ ಆ ಬಾಟಲಿಯ ವಿಷಯ. ತುಣುಕು ಕೆಡದ ಹಾಗೆ ಇಡಲು ಎಲ್ಲ ಕಡೆ ಬಳಸುವುದು ಫಾರ್ಮಲಿನ್. ಆದರೆ ಫಾರ್ಮಲಿನ್ ನೀರು ಬೆರೆತ ದ್ರಾವಣ. ಯೂರಿಕ್ ಆಸಿಡ್ ಹರಳು ಅದರಲ್ಲಿ ಕರಗಿಹೋಗುತ್ತದೆ. ಹರಳು ಹುಡುಕಬೇಕಾದ ತುಣುಕನ್ನು ಶುದ್ಧ ಆಲ್ಕೋಹಾಲಿನಲ್ಲಿ ಇಡಬೇಕು, ಇಲ್ಲವೇ ಹಾಗೇ ತಾಜಾ ಆಗಿ ಲ್ಯಾಬಿಗೆ ಕೊಡಬೇಕು. ಅಷ್ಟೇ ಅಲ್ಲ, ಫಾರ್ಮಲಿನ್ ರೋಗಾಣುಗಳನ್ನೂ ಕೊಲ್ಲುತ್ತದೆ. ಅದರಲ್ಲಿ ಬಿದ್ದ ತುಣುಕಿನಿಂದ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಬರುವುದಿಲ್ಲ. ಭಾವನ ಮೊದಲ ತುಣುಕಿನಿಂದ ಹರಳೂ ಹೋಯಿತು, ಕಲ್ಚರೂ ಹೋಯಿತು. ಗೌಟ್ ಎಂದೂ ಹೇಳಲಾಗಲಿಲ್ಲ, ಟಿಬಿ ಅಲ್ಲ ಎಂದೂ ಹೇಳಲಾಗಲಿಲ್ಲ.

ಆದ್ದರಿಂದ ಸೂಜಿಯ ದಿನ ಬೆಳಿಗ್ಗೆಯೇ ಕೇಳಿ: "ತುಣುಕನ್ನು ಮೂರು ಭಾಗ ಮಾಡುತ್ತೀರಾ?" ಒಂದು ಭಾಗ ಆಲ್ಕೋಹಾಲಿನಲ್ಲಿ, ಹರಳು ನೋಡಲು. ಒಂದು ಭಾಗ ಸ್ಟೆರೈಲ್ ಡಬ್ಬಿಯಲ್ಲಿ, ಸಾಮಾನ್ಯ ಕಲ್ಚರ್, ಟಿಬಿ ಕಲ್ಚರ್ ಮತ್ತು ಟಿಬಿಯನ್ನು ಬೇಗ ಪತ್ತೆ ಹಚ್ಚುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ. ಒಂದು ಭಾಗ ಫಾರ್ಮಲಿನ್‌ನಲ್ಲಿ, ಪೆಥಾಲಜಿಗೆ. ಲ್ಯಾಬಿಗೆ ಹೋಗುವ ಚೀಟಿಯಲ್ಲಿ "ಗೌಟ್ ಸಂಶಯ" ಎಂದು ಬರೆಸಿ. ಬರೆಯದಿದ್ದರೆ ಹರಳು ಹುಡುಕಬೇಕು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹೀಗೆ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಎಂದು ಹಿಂಜರಿಯಬೇಡಿ. ಎರಡನೇ ಸಲ ನಾನು ಕೇಳಿದಾಗ ಅವರು ಆಗಲೇ ಮೂರು ಬಾಟಲಿ ಜೋಡಿಸಿಟ್ಟಿದ್ದರು.

ಮೊಣಕೈಯಲ್ಲಿ ಹರಳು, ಸ್ಕ್ಯಾನಿನಲ್ಲಿ ಹಸಿರು ಇದ್ದ ಮೇಲೆ ಎರಡನೇ ಸೂಜಿ ಯಾಕೆ ಎಂದು ನಾವೂ ಕೇಳಿದೆವು. ಜ್ವರ ಇತ್ತು. ಗೌಟ್ ಮತ್ತು ಸೋಂಕು ಒಂದೇ ಜಾಗದಲ್ಲಿ ಒಟ್ಟಿಗೆ ಇರಬಹುದು. ಹರಳು ಸಿಕ್ಕಿತು ಎಂದು ಸೋಂಕು ಬಿಟ್ಟುಹೋಗುವುದಿಲ್ಲ. ಜ್ವರ ಇಲ್ಲದಿದ್ದರೆ, ಬೇರೆ ಎಲ್ಲ ಗುರುತು ಹೊಂದಿಕೊಂಡಿದ್ದರೆ ಬೆನ್ನಿನ ಸೂಜಿ ಇಲ್ಲದೆಯೇ ಚಿಕಿತ್ಸೆ ಶುರು ಮಾಡುವವರೂ ಇದ್ದಾರೆ. ಅದು ಡಾಕ್ಟರು ತೂಗಿ ನೋಡಬೇಕಾದ ವಿಷಯ. ಆಂಟಿಬಯೋಟಿಕ್ ಮಾತ್ರ ಸೂಜಿಗಿಂತ ಮೊದಲು ಶುರುವಾದರೆ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಜೀವಕ್ಕೆ ಅಪಾಯವಿದ್ದರೆ ಕಾಯುವ ಮಾತಿಲ್ಲ. ಇಲ್ಲದಿದ್ದರೆ ಯಾವುದು ಮೊದಲು ಎಂದು ಕೇಳಿ.

ಮಾತ್ರೆ ಕೊಟ್ಟು ನೋಡೋಣ ಎಂದರೆ

ಗೌಟಿನ ನೋವಿಗೆ ಕೊಡುವ ಕೋಲ್ಚಿಸಿನ್ ಮಾತ್ರೆ ಕೊಟ್ಟು ನೋವು ಇಳಿದರೆ ಗೌಟ್ ಎಂದುಕೊಳ್ಳುವ ರೂಢಿ ಇದೆ. ನನಗೆ ಇದು ಒಪ್ಪಿಗೆಯಿಲ್ಲ. ಕ್ಯಾಲ್ಸಿಯಂ ಹರಳಿನಿಂದ ಬರುವ ಇನ್ನೊಂದು ಕಾಯಿಲೆಯಲ್ಲೂ ಅದು ಕೆಲಸ ಮಾಡುತ್ತದೆ. ವಯಸ್ಸಾದವರಲ್ಲಿ ಕುತ್ತಿಗೆ ಜೋರಾಗಿ ನೋಯುವುದು, ಜ್ವರ ಬರುವುದು ಎಷ್ಟೋ ಸಲ ಈ ಕಾಯಿಲೆಯಿಂದ. ಸ್ಟೀರಾಯ್ಡ್ ಕೊಟ್ಟು ನೋಡುವುದಂತೂ ಸೋಂಕಿನ ಸಂಶಯ ಇರುವಾಗ ಅಪಾಯ. ಎರಡು ದಿನ ಆರಾಮ ಅನಿಸುತ್ತದೆ, ಒಳಗೆ ಸೋಂಕು ಹರಡುತ್ತದೆ. ಎಚ್‌ಎಲ್‌ಎ-ಬಿ27 ಪರೀಕ್ಷೆ ಗೌಟಿಗೆ ಸಂಬಂಧಪಟ್ಟದ್ದಲ್ಲ. ಅದು ಹರೆಯದವರಲ್ಲಿ, ಬೆಳಿಗ್ಗೆ ಬೆನ್ನು ಸೆಟೆದು, ಓಡಾಡಿದ ಮೇಲೆ ಸಡಿಲವಾಗುವ ನೋವಿಗೆ.

ಉಡುಪಿ, ಮಂಗಳೂರಿನಲ್ಲಿ

ಈ ವಿಷಯದಲ್ಲಿ ನಾವು ಅದೃಷ್ಟವಂತರು. ಮಣಿಪಾಲದಲ್ಲಿ 1953ರಿಂದ ಮೆಡಿಕಲ್ ಕಾಲೇಜು ಇದೆ. ಮಂಗಳೂರು, ದೇರಳಕಟ್ಟೆಯಲ್ಲಿ ಹಲವು ಇವೆ. ವೆನ್ಲಾಕ್‌ನಂಥ ಹಳೆಯ ಸರಕಾರಿ ಆಸ್ಪತ್ರೆ ಇದೆ. ಬೇರೆ ಜಿಲ್ಲೆಯವರು ಘಾಟಿ ಇಳಿದು ಇಲ್ಲಿಗೆ ಬರುತ್ತಾರೆ. ಆದರೆ ದೊಡ್ಡ ಊರಿನ ಎಲ್ಲ ಸಿಟಿ ಯಂತ್ರವೂ ಡ್ಯುಯಲ್ ಎನರ್ಜಿ ಅಲ್ಲ. ಮನೆಯಿಂದ ಹೊರಡುವ ಮೊದಲು ರೇಡಿಯಾಲಜಿ ವಿಭಾಗಕ್ಕೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಡ್ಯುಯಲ್ ಎನರ್ಜಿ ಇದೆಯೇ, ಗೌಟಿಗಾಗಿ ಬೆನ್ನುಮೂಳೆ ನೋಡುತ್ತೀರಾ? ಹೆಚ್ಚಿನ ಯಂತ್ರಗಳಲ್ಲಿ ಸಾಮಾನ್ಯ ಸಿಟಿ ತೆಗೆದ ಮೇಲೆ ಅದರಿಂದ ಹಸಿರು ಬಣ್ಣ ಹುಡುಕಲು ಆಗುವುದಿಲ್ಲ, ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತದೆ. ಬರೆದ ಚೀಟಿಯಲ್ಲೂ "ಡ್ಯುಯಲ್ ಎನರ್ಜಿ" ಎಂಬ ಪದ ಇರಲಿ.

ಎಂಆರ್‌ಐ ರಿಪೋರ್ಟ್ ಮಾತ್ರ ಸಾಲದು, ಸಿಡಿಯನ್ನೂ ಕೇಳಿ ತನ್ನಿ. ನಾವು ಬರೀ ಕಾಗದ ಹಿಡಿದುಕೊಂಡು ಹೋಗಿದ್ದೆವು, ಸಿಡಿಗಾಗಿ ಮಳೆಯಲ್ಲಿ ಮತ್ತೆ ಹೋಗಬೇಕಾಯಿತು. ನೋಡುವವರು ಬೆನ್ನಿನ ಸರ್ಜನ್ ಆಗಿದ್ದರೆ ಒಮ್ಮೆ ರುಮಟಾಲಜಿ ಡಾಕ್ಟರಿಗೂ ತೋರಿಸಬಹುದೇ ಎಂದು ಕೇಳಿ. ಬಿಪಿ ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೂತಾಯಿ, ಬಂಗುಡೆ ಯೂರಿಕ್ ಆಸಿಡ್ ಏರಿಸುವ ಮೀನುಗಳೇ, ಬಿಯರ್ ಇನ್ನೂ ಹೆಚ್ಚು. ಆದರೆ ಗೌಟಿಗೆ ಮುಖ್ಯ ಕಾರಣ ಕಿಡ್ನಿ ಯೂರಿಕ್ ಆಸಿಡನ್ನು ಸರಿಯಾಗಿ ಹೊರಹಾಕದಿರುವುದು, ಅದು ಬಹಳ ಮಟ್ಟಿಗೆ ಹುಟ್ಟಿನಿಂದ ಬಂದದ್ದು. ಮೀನು ತಿಂದು ತಂದುಕೊಂಡ ಕಾಯಿಲೆ ಎಂದು ಮನೆಯವರು ರೋಗಿಯನ್ನು ಬೈಯಬೇಡಿ. ಬೇಳೆ, ಬಸಳೆ ಬಿಡಿಸುವುದಂತೂ ಬೇಕಾಗಿಲ್ಲ.

ಭಾವನ ಟಿಬಿ ಕಲ್ಚರ್ ಅಂತಿಮ ರಿಪೋರ್ಟಿಗೆ 42 ದಿನ ಕಾದೆವು. ನೆಗೆಟಿವ್ ಬಂತು. ಅಷ್ಟರಲ್ಲಿ ಜೀನ್‌ಎಕ್ಸ್‌ಪರ್ಟ್, ಸಾಮಾನ್ಯ ಕಲ್ಚರ್ ಎರಡೂ ನೆಗೆಟಿವ್ ಎಂದು ಬಂದಿದ್ದರಿಂದ ಗೌಟಿನ ಚಿಕಿತ್ಸೆ ಶುರುವಾಗಿತ್ತು, ಜ್ವರ ಬಿಟ್ಟಿತ್ತು. ಈಗ ಯೂರಿಕ್ ಆಸಿಡ್ 5ರ ಕೆಳಗೆ ಇಡಬೇಕು ಎಂದಿದ್ದಾರೆ. ಗಂಟು ಇಲ್ಲದವರಿಗೆ 6ರ ಕೆಳಗೆ ಸಾಕು. ಈ ಹಂತದಲ್ಲಿ ಮಾತ್ರ ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ ಅದೇ ಅಗ್ಗದ ರಕ್ತ ಪರೀಕ್ಷೆ. ತಿಂಗಳಿಗೊಮ್ಮೆ ಬಂದರಿನಿಂದ ಬರುವಾಗ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಕಳೆದ ಸಲ 5.4 ಇತ್ತು. ಮಾತ್ರೆಯ ಪ್ರಮಾಣ ಸ್ವಲ್ಪ ಏರಿಸಿದ್ದಾರೆ.